ಕಂಬಳಿ ತುಂಡು, ಏಳು ಮೀನು

ನಮ್ಮತ್ತೆ ಮೀನಿನ ತೊಟ್ಟಿಯ ಗಾಜು ಒರೆಸುವುದನ್ನು ನೀವು ನೋಡಬೇಕಿತ್ತು. ನಲವತ್ತು ವರ್ಷ ಕುರಿ ಕಾಯ್ದ ಕೈ ಅದು. ಮಂಡಿ ಸವೆದು, ಮಂದೆ ಮಾರಿ, ಎರಡೇ ಎರಡು ಕುರಿ ಉಳಿಸಿಕೊಂಡು ಅವರು ಮನೆಯಲ್ಲಿ ಕೂತ ವರ್ಷ, ಅಮ್ಮನ ಬೇಜಾರು ಕಳೆಯಲಿ ಎಂದು ನನ್ನ ಗಂಡ ಒಂದು ಉಪಾಯ ಹೂಡಿದರು. ಸೇಲಂನಲ್ಲಿ ಟೊಮೇಟೊ ಲೋಡು ಇಳಿಸಿ ಬರುವಾಗ ಗಾಡಿಯಲ್ಲಿ ಒಂದು ಗಾಜಿನ ತೊಟ್ಟಿ, ಏಳು ಕೆಂಪು ಮೀನು ತಂದರು.

"ಏನ್ಲಾ ಇದು? ಕುರಿಯಂಗೆ ಆಲು ಕರೆಯಂಗಿಲ್ಲ, ಮೈಮ್ಯಾಲಿನ ತುಪ್ಪಟ ಕತ್ತರ್ಸಂಗಿಲ್ಲ. ಇದ್ನ ಇಟ್ಕೊಂಡು ನಾನೇನ್ಲಾ ಮಾಡ್ಲಿ?" ಎಂದು ಮಗನ ಮರ್ಯಾದೆ ತೆಗೆದು, ಮೂರು ದಿನ ಅತ್ತ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ದಿನ ಮುಸ್ಸಂಜೆಗೆ ನಾನು ಒಲೆ ಹಚ್ಚುತ್ತಿದ್ದೆ. ಒಳಗಿಂದ ಅವರ ದನಿ ಕೇಳಿಸಿತು. "ಏಳು. ಸರಿಯಾಗವೆ." ಹಿಂದೆ ಕುರಿ ರೊಪ್ಪದ ಬಾಗಿಲು ಮುಚ್ಚುವಾಗ ದಿನಾ ಹೇಳುತ್ತಿದ್ದ ಮಾತೇ ಅದು. ಅಂದಿನಿಂದ ಒಂದು ಸಂಜೆಯೂ ತಪ್ಪಲಿಲ್ಲ.

ತೊಟ್ಟಿ ಕಿಟಕಿ ಪಕ್ಕ ಇದ್ದದ್ದರಿಂದ ಬಿಸಿಲಿಗೆ ಗಾಜಿನ ಒಳಗೆ ಪಾಚಿ ಕಟ್ಟುತ್ತಿತ್ತು. ಮೊದಲ ಸಲ ನನ್ನ ಗಂಡ ಪಾತ್ರೆ ಉಜ್ಜುವ ಕಂಬಿ ನಾರು ಹಾಕಿ ತಿಕ್ಕಿ ಎರಡು ಗೀರು ಮಾಡಿಟ್ಟರು. "ಕಣ್ಣಾಡಿಗೆ ಗಾಯ ಮಾಡ್ಬುಟ್ಟೆಯಲ್ಲೋ ಪಾಪಿ!" ಎಂದು ಅತ್ತೆ ವಾರವಿಡೀ ಬೈದರು. ಆಮೇಲೆ ತಮ್ಮ ಹಳೆಯ ಕರಿ ಕಂಬಳಿಯಿಂದ ಅಂಗೈ ಅಗಲದ ತುಂಡು ಕತ್ತರಿಸಿದರು. ಕಂಬಳಿಗೆ ನೇಯುವಾಗಲೇ ಹುಣಿಸೆ ಬೀಜದ ಗಂಜಿ ಹಾಕಿರುತ್ತಾರೆ. ಸವೆದ ಕಂಬಳಿಯಲ್ಲಿ ಅದೆಲ್ಲಿ ಉಳಿದೀತು? ಆದರೂ ತೊಟ್ಟಿಯ ನೀರು ಕೆಟ್ಟೀತೆಂದು ಮೂರು ಸಲ ಕುದಿಸಿ, ಮೂರು ಸಲ ಹಿಂಡಿ ಒಣಗಿಸಿದರು.

ಆ ಕೆಲಸದ ಅಂದವೇ ಅಂದ. ಮೊದಲು ನೀರಿಗೆ ಗಾಳಿ ಊದುವ ಮೋಟಾರಿನ ಪ್ಲಗ್ ಕೀಳಬೇಕು, ಅದಿಲ್ಲದೆ ನೀರಿಗೆ ಬೆರಳೂ ಇಡುವಂತಿಲ್ಲ. ಕೈ ತೊಳೆಯುವುದು ಬರೀ ನೀರಿನಲ್ಲಿ. ಸೋಪು ತೊಟ್ಟಿಯ ಹತ್ತಿರ ಸುಳಿಯಕೂಡದು. ಗಾಜನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆಯುತ್ತಾ, ತಳದ ಮರಳು ಇನ್ನೂ ಮೂರು ಬೆರಳು ಇರುವಾಗಲೇ ನಿಲ್ಲಿಸುತ್ತಿದ್ದರು. ಕಂಬಳಿಗೆ ಒಂದು ಮರಳ ಕಾಳು ಸಿಕ್ಕಿಕೊಂಡರೂ ಗೀರು ಬೀಳುತ್ತದಂತೆ. ಗಾಜು ಕೂಡಿಸಿದ ಅಂಟಿನ ಮೂಲೆಗಳಿಗೆ ಬೆರಳ ತುದಿ ಮಾತ್ರ. ಕೊನೆಗೆ ಕಾಲು ಭಾಗ ನೀರು ತೆಗೆದು, ಮಣ್ಣಿನ ಗಡಿಗೆಯಲ್ಲಿ ಎರಡು ದಿನ ತೆರೆದಿಟ್ಟ ನೀರು ತುಂಬುವುದು, ಏಕೆಂದರೆ ಪಂಚಾಯತಿ ನಲ್ಲಿಯಲ್ಲಿ ಬ್ಲೀಚಿಂಗ್ ಪೌಡರಿನ ಘಾಟು. ಆ ಗಡಿಗೆ ಅಡುಗೆಮನೆಯ ಬಾಗಿಲಲ್ಲೇ ಕೂತಿರುತ್ತಿತ್ತು. ಎಷ್ಟು ಸಲ ಕಾಲು ಎಡವಿ ಅದಕ್ಕೆ ಶಾಪ ಹಾಕಿದ್ದೇನೋ! ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಒಂದು ಭಾನುವಾರ ಪಾಲಮಲೆಯಿಂದ ನನ್ನ ಅಪ್ಪ ಅಮ್ಮ ಬರುವವರಿದ್ದರು. ಮನೆ ಥಳಥಳ ಅನ್ನಬೇಕು ಎಂಬ ಹುಚ್ಚು ನನಗೆ. ಅತ್ತೆ ಕುರಿ ಹೊಡೆದುಕೊಂಡು ಕೆರೆ ಏರಿ ಕಡೆ ಹೋಗಿದ್ದರು. ಗಾಜು ನೋಡಿದರೆ ಹಸಿರು. ಬರುವವರೆಗೆ ಕಾಯಲು ತಾಳ್ಮೆ ಇದ್ದರೆ ನಾನ್ಯಾಕೆ ಹೀಗಿರುತ್ತಿದ್ದೆ? ಹಿತ್ತಿಲಿನ ತಂತಿಯ ಮೇಲೆ ಕರಿ ಕಂಬಳಿ ತುಂಡು ಒಣಗುತ್ತಿತ್ತು. ತಂದು, ಪ್ಲಗ್ ಕಿತ್ತು, ಅತ್ತೆ ಮಾಡಿದಂತೆಯೇ ಮೇಲಿಂದ ಕೆಳಕ್ಕೆ ಒರೆಸಿ, ಪ್ಲಗ್ ಹಾಕಿ, ಸೊಂಟಕ್ಕೆ ಕೈಯಿಟ್ಟು ನೋಡಿದೆ. ಕನ್ನಡಿ ಹಂಗಿತ್ತು.

ಅರ್ಧ ಗಂಟೆ ಆಗಿರಬೇಕು. ಒಂದು ಮೀನು ಓರೆಯಾಗಿ ಈಜಿತು. ಇನ್ನೊಂದು ಗಿರಗಿರ ಸುತ್ತಿತು. ಎಲ್ಲವೂ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ. ತೊಟ್ಟಿ ನೋಡಿದವರು ನನ್ನ ಕೈ ಹಿಡಿದೆಳೆದು ಮೂಸಿದರು.

"ಇದು ಉಣ್ಣಿ ಔಸ್ತಿ ವಾಸನೆ ಕಣೇ! ತಂತಿ ಮ್ಯಾಲಿದ್ದದ್ ತಗಂಡ್ಯಾ?"

ಹಿಂದಿನ ದಿನ ಕುರಿಗಳಿಗೆ ಉಣ್ಣಿ ಕಚ್ಚಿದ್ದವು. ಅತ್ತೆ ಅದೇ ಕಂಬಳಿಯಿಂದ ಇನ್ನೊಂದು ತುಂಡು ಕತ್ತರಿಸಿ, ಔಷಧಿಯಲ್ಲಿ ಅದ್ದಿ ಕುರಿಗಳ ಮೈಗೆ ಸವರಿದ್ದರು. ನಾನು ತೊಟ್ಟಿಗೆ ಹಾಕಿದ್ದು ಆ ತುಂಡು. ಮೀನಿನ ತುಂಡು ಎಂದಿನಂತೆ ಕಿಟಕಿಯ ಮೊಳೆಯಲ್ಲೇ ನೇತಾಡುತ್ತಿತ್ತು.

ನಾನು ಗಾಬರಿಯಲ್ಲಿ ನೀರಿಗೆ ಕೈ ಹಾಕಹೋದೆ. "ಮೊದ್ಲು ಪ್ಲಗ್ ಕೀಳೇ! ಮೀನ್ ಜೊತೆ ನೀನೂ ಓಗ್ತೀಯಾ?" ಎಂದು ಗದರಿದರು. ಅಂಥ ಹೊತ್ತಿನಲ್ಲೂ ಅವರಿಗೆ ಅದು ನೆನಪಿತ್ತು! ಗಡಿಗೆಯ ನೀರನ್ನು ಅಗಲವಾದ ಪ್ಲಾಸ್ಟಿಕ್ ಬೇಸಿನ್ನಿಗೆ ಸುರಿಸಿದರು. ನಾನು ಶಪಿಸುತ್ತಿದ್ದ ಅದೇ ಗಡಿಗೆ. ಒಂದೊಂದೇ ಮೀನನ್ನು ಬೊಗಸೆಯಲ್ಲಿ ಎತ್ತಿ ಅದಕ್ಕೆ ಬಿಟ್ಟರು. ಮೋಟಾರಿಗೆ ಔಷಧಿ ಹತ್ತಿದೆ, ಅದು ಬೇಡವೆಂದರು. ಬಗ್ಗದ ಮಂಡಿಯನ್ನು ಬಗ್ಗಿಸಿ ನೆಲದ ಮೇಲೆ ಕೂತು, ಬೇಸಿನ್ನಿನ ನೀರನ್ನೇ ಚೆಂಬಿನಲ್ಲಿ ಎತ್ತಿ ಎತ್ತಿ ಮೇಲಿಂದ ಸಣ್ಣಗೆ ಸುರಿದರು. "ಗಾಳಿ ಬೇಕಲ್ಲ ಅವ್ಕೆ" ಎಂದರು, ಅಷ್ಟೆ. ನನ್ನ ಅಪ್ಪ ಅಮ್ಮ ಬಂದರು, ಊಟ ಮಾಡಿದರು, ಸಂಜೆ ಬಸ್ಸಿಗೆ ಹೊರಟರು. ಅತ್ತೆ ಕೂತಲ್ಲಿಂದ ಏಳಲಿಲ್ಲ. ನಾನು ಚೆಂಬು ಕೇಳಿದರೆ ಕೊಡಲಿಲ್ಲ.

ಮೂರು ಸತ್ತವು. ನಾಲ್ಕು ಉಳಿದವು.

ಗಂಡ ಬಂದು ಬೇಸಿನ್ ನೋಡಿ "ಏನಾಯ್ತು?" ಎಂದರು. ಅತ್ತೆ ಮುಖವೆತ್ತದೆ ಹೇಳಿದರು: "ನಂದೇ ತಪ್ಪು ಕಣ್ಲಾ. ಒಂದೇ ಕಂಬ್ಳೀಲಿ ಎರಡೂ ಕತ್ತರ್ಸಬಾರ್ದಿತ್ತು." ನನಗೆ ತಡೆಯಲಾಗಲಿಲ್ಲ. "ಇಲ್ಲ ರೀ, ನಾನೇ ಮಾಡಿದ್ದು. ಕೇಳ್ದೆ ತಗಂಡೆ" ಎಂದು ಗೊಳೋ ಎಂದು ಅತ್ತುಬಿಟ್ಟೆ.

ಔಷಧಿ ನೀರನ್ನು ಚರಂಡಿಗೂ ಬಿಡಲಿಲ್ಲ, ಕೆರೆಯ ಮೀನು ಸಾಯುತ್ತವೆ ಎಂದು ಹಿತ್ತಿಲಾಚೆ ಗುಂಡಿ ತೋಡಿಸಿ ಸುರಿಸಿದರು. ಆ ತುಂಡನ್ನೂ ಅಲ್ಲೇ ಹೂಳಿದೆವು. ಮೋಟಾರು, ಮರಳು ಹೊಸವು ಬಂದವು. ತೊಟ್ಟಿಯನ್ನು ಎಷ್ಟು ಸಲ ತೊಳೆದೆವೋ ಲೆಕ್ಕವಿಲ್ಲ. ನಾಲ್ಕು ಮೀನು ಮತ್ತೆ ಅದರೊಳಗೆ ಈಜಿದವು. ಆದರೆ ಸಂಜೆ ಅತ್ತೆ ಅದರ ಮುಂದೆ ಕೂತರೂ ಎಣಿಸುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಗಾಜು ಮತ್ತೆ ಹಸಿರಾಯಿತು. ನಾನು ಆ ಕಡೆ ಹೋಗುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು ಕಿಟಕಿ ಮೊಳೆಯ ಕಂಬಳಿ ತುಂಡನ್ನು ನನ್ನ ಕೈಗೆ ಇಟ್ಟರು. ಅದರ ಮೂಲೆಗೆ ಗುರುತಿಗೆಂದು ಕೆಂಪು ದಾರ ಹೊಲಿದಿದ್ದರು.

"ನೀನೇ ಒರ್ಸು."

"ಅಯ್ಯೋ, ನಾನು ಮುಟ್ಟಲ್ಲ ಅತ್ತೆ. ನನ್ನ ಕೈಯಿಂದ ಸತ್ತಿದ್ದು ಸಾಕು."

"ನಮ್ಮಟ್ಟೀಲಿ ಕುರಿ ಕಳ್ದೋನ್ನೇ ಮಾರ್ನೆ ದಿನ ಮತ್ತೆ ಮಂದೆ ಕಾಯಾಕ್ ಕಳ್ಸೋದು. ನನ್ನೂ ಅಂಗೇ ಕಳ್ಸಿದ್ರು, ಎರಡು ಮರೀನ ತೋಳಕ್ಕೆ ಕೊಟ್ಟಾಗ. ಆಮ್ಯಾಕೆ ಒಂದೂ ಕಳೀಲಿಲ್ಲ" ಎಂದು ಕೋಲು ತೆಗೆದುಕೊಂಡು ಕುರಿ ಬಿಚ್ಚಿ ಹೊರಟೇಬಿಟ್ಟರು. ನಿಂತು ನೋಡಲೂ ಇಲ್ಲ.

ನಾನು ತುಂಡನ್ನು ಮೂಸಿದೆ. ಮತ್ತೆ ಮೂಸಿದೆ. ಪ್ಲಗ್ ಕಿತ್ತೆ. ಕೈ ತೊಳೆದು ಮತ್ತೆ ತೊಳೆದೆ. ಎರಡು ಗಜ ಗಾಜಿಲ್ಲ ಅದು, ಒರೆಸಲು ಒಂದು ಗಂಟೆ ಹಿಡಿಯಿತು. ಆಮೇಲೆ ದಿನವೆಲ್ಲಾ ಹತ್ತು ನಿಮಿಷಕ್ಕೊಮ್ಮೆ ಬಂದು ಮೀನುಗಳನ್ನು ನೋಡಿದೆ.

ಮುಸ್ಸಂಜೆಗೆ ಅತ್ತೆ ಕುರಿ ಕಟ್ಟಿ ಒಳಗೆ ಬಂದರು. ನಾನು ಒಲೆಯ ಮುಂದೆ ಕೂತಿದ್ದೆ. ಕುರ್ಚಿ ಎಳೆದ ಸದ್ದು.

"ನಾಲ್ಕು," ಎಂದರು ಅತ್ತೆ. "ಸರಿಯಾಗವೆ."