ನೂರನೆಯ ಗಂಟೆ

ಅಚ್ಚಿನ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪ್ರೂಫ್ ತಿದ್ದಿದವಳಿಗೆ ಸ್ವಂತದ ಹೆಸರು ಎಲ್ಲಿ ಉಳಿದೀತು? ಎಲ್ಲರ ಬಾಯಲ್ಲೂ ಅವಳು ಕಾಗುಣಿತದಕ್ಕ. ಅಚ್ಚಿನ ಮನೆ ಬಾಗಿಲು ಹಾಕಿದ ಮೇಲೆ ಸುಮ್ಮನೆ ಕೂರಲಾರದೆ ಅಂಗಡಿಯ ಬಿಲ್ಲು, ಔಷಧಿಯ ಚೀಟಿ ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದಳು. ಅಂಥವಳ ಮುಂದೆ ತಮ್ಮ ಒಂದು ದಿನ ಕಾಗದದ ಕಟ್ಟು ತಂದು ಹಾಕಿದ. "ಅಕ್ಕ, ನಮ್ಮ ಸಂಘದ ಸುದ್ದಿಪತ್ರ. ತಿಂಗಳಿಗೊಮ್ಮೆ ನೀನೇ ನೋಡ್ಕೊಡಬೇಕು."

ಸಂಘ ಯಾವುದು ಅಂತೀರಿ? ಲೈಫ್ ಕೋಚ್‌ಗಳ ಸಂಘ. ಊರಿನವರ ಬದುಕಿಗೆ ದಾರಿ ತೋರಿಸಲು ಮೂವತ್ತಾರು ಜನ ಟೊಂಕ ಕಟ್ಟಿ ನಿಂತಿದ್ದರು. ಊರಿನವರು ಯಾರೂ ದಾರಿ ಕೇಳಿರಲಿಲ್ಲ, ಅದು ಬೇರೆ ಮಾತು.

'ಸದಸ್ಯರ ಸುದ್ದಿ' ಎಂಬ ಪುಟ ಓದುವಾಗ ಅಕ್ಕನ ಹುಬ್ಬು ನೆತ್ತಿಗೇರುತ್ತಿತ್ತು. 'ನಮ್ಮ ಸದಸ್ಯರೊಬ್ಬರು ಈ ತಿಂಗಳು ತಮ್ಮೊಳಗಿನ ಸಿಂಹವನ್ನು ಭೇಟಿಯಾದರು.' ಅವಳು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಬರೆದಳು: ಗಾಯವೇನಾದರೂ ಆಯಿತೇ?

ಅದನ್ನು ಕಂಡು ತಮ್ಮ ಮುಖ ಗಂಟು ಹಾಕಿಕೊಂಡ. "ನಿನಗೆ ಎಲ್ಲದರಲ್ಲೂ ಹುಡುಗಾಟ."

"ಹುಡುಗಾಟ ಯಾರದು ಅಂತ ಆಮೇಲೆ ಲೆಕ್ಕ ಹಾಕೋಣ ಬಿಡೋ."

ಈ ತಮ್ಮನ ವಿಷಯ ಹೇಳಬೇಕು. ಹದಿನಾರು ವರ್ಷ ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸ್ಟಿಯರಿಂಗ್ ಮುಟ್ಟಿದರೆ ಬೆವರುವವರು, ಲಾರಿಯ ಹಾರ್ನ್ ಕೇಳಿ ಕಣ್ಣು ಮುಚ್ಚುವವರು, ಅರವತ್ತು ದಾಟಿದ ಮೇಲೆ ಕಲಿಯಬೇಕೆಂಬ ಆಸೆಯವರು, ಇವರೆಲ್ಲ ಅವನ ಪಾಲಿನವರು. "ಈಗ ಕ್ಲಚ್ಚು. ಈಗ ಬಿಡಿ. ಎಡಗಡೆ ನೋಡಿ ತಾಯಿ, ಎಮ್ಮೆ ಅಲ್ಲ, ಕನ್ನಡಿ ನೋಡಿ" ಎಂದು ನಗಿಸುತ್ತ ನಗಿಸುತ್ತಲೇ ಸಂತೆಬೀದಿ ದಾಟಿಸಿಬಿಡುತ್ತಿದ್ದ. ಅವನ ಕಾಲ ಕೆಳಗೂ ಒಂದು ಬ್ರೇಕಿತ್ತು. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂಬುದು ಅವನ ಪಾದಕ್ಕೇ ಗೊತ್ತಿತ್ತು.

ಐದಾರು ತಿಂಗಳು ಸಂಘಕ್ಕೆ ಅಲೆದು, ಈಗ ಇಂಥ ಕೆಲಸವನ್ನೇ ಬಿಟ್ಟು ಅವನು ಕೋಚ್ ಆಗಲು ಹೊರಟಿದ್ದ. ಕೆಡಿಸಿದವನು ಸಂಘದ ಅಧ್ಯಕ್ಷ. ಮೂರು ಹೊತ್ತೂ ತನ್ನನ್ನು ತಾನೇ ಊದಿಕೊಳ್ಳುತ್ತಿದ್ದ ಅವನಿಗೆ ಅಕ್ಕ ಇಟ್ಟ ಹೆಸರು ಶಂಖ. ಕಾರು ಕಲಿಯಲು ಬಂದ ಶಂಖ ಗೇರು ಹಾಕುವುದನ್ನು ಕೊನೆಗೂ ಕಲಿಯಲಿಲ್ಲ. ಮೇಷ್ಟ್ರ ತಲೆಯನ್ನು ಮಾತ್ರ ರಿವರ್ಸಿಗೆ ಹಾಕಿ ಹೋದ.

ಸ್ಕೂಲಿನ ಮಾಲೀಕ ಒಳ್ಳೆಯವನು. ಅಕ್ಕನಿಗೆ ಫೋನ್ ಮಾಡಿ, "ತಿಂಗಳ ಕೊನೆವರೆಗೂ ಅವನ ಕಾರಿನ ಕೀ ಯಾರಿಗೂ ಕೊಡಲ್ಲಮ್ಮ. ಅಷ್ಟರಲ್ಲಿ ಬುದ್ಧಿ ಬಂದ್ರೆ ಕಳಿಸಿಕೊಡಿ" ಎಂದಿದ್ದ. ಅಂದಿನಿಂದ ಅಕ್ಕನಿಗೆ ಅದೊಂದೇ ಧ್ಯಾನ. ಬುದ್ಧಿ ಬರಬೇಕು, ಮೂವತ್ತನೇ ತಾರೀಕಿನೊಳಗೆ ಬರಬೇಕು.

ತಮ್ಮನಿಗೆ ಬೇಕಾಗಿದ್ದದ್ದು ಸರ್ಟಿಫಿಕೇಟು. ಅದಕ್ಕೆ ನೂರು ಗಂಟೆ ಕೋಚಿಂಗ್ ಕೊಟ್ಟ ದಾಖಲೆ ತೋರಿಸಬೇಕು. ಹೊರಗಿನವರು ಯಾರೂ ಬಾರದಿದ್ದರೆ ಗಂಟೆ ತುಂಬುವುದು ಹೇಗೆ? ಸುಲಭ. ಸೋಮವಾರ ತಮ್ಮ ಶಂಖನ ಬದುಕು ಸರಿಮಾಡಿದ, ಮಂಗಳವಾರ ಶಂಖ ತಮ್ಮನದನ್ನು. ಬುಧವಾರ ಇಬ್ಬರೂ ಸೇರಿ ಖಜಾಂಚಿಯದನ್ನು. ಒಂಟೆಯ ಮದುವೆಯಲ್ಲಿ ಕತ್ತೆ ಹಾಡಿದಂತೆ! ಇದು ಅದರ ರೂಪ ಹೊಗಳಿತು, ಅದು ಇದರ ಸ್ವರ ಹೊಗಳಿತು. ಮೂವತ್ತಾರು ಜನ ಯಾರ್ಯಾರಿಗೆ ಕೋಚಿಂಗ್ ಕೊಟ್ಟರೆಂಬ ಪಟ್ಟಿಯನ್ನು ತಿದ್ದುತ್ತ ತಿದ್ದುತ್ತ ಅಕ್ಕ ಹುಡುಕಿದಳು. ಸಂಘಕ್ಕೆ ಸೇರದ ನರಪಿಳ್ಳೆಯೂ ಅದರಲ್ಲಿ ಇರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಕೋಚ್ ಆದವನು ಹೀಗೆ ಮಾಡು ಎಂದು ಹೇಳಕೂಡದು. ಪ್ರಶ್ನೆ ಮಾತ್ರ ಕೇಳಬೇಕು. ಉತ್ತರ, ಕೇಳಲು ಬಂದವರ ಹೊಟ್ಟೆಯಲ್ಲೇ ಇರುತ್ತದಂತೆ.

ತೊಂಬತ್ತೆಂಟು ಗಂಟೆ ಮುಗಿದಿತ್ತು. ಆ ತಿಂಗಳ ಸಭೆ ನಡೆದದ್ದು ಡ್ಯಾನ್ಸ್ ಕ್ಲಾಸಿನ ಹಾಲಿನಲ್ಲಿ. ನಾಲ್ಕು ಗೋಡೆಗೂ ಕನ್ನಡಿ. ಮೂವತ್ತಾರು ಜನ ಮುನ್ನೂರಾಗಿ ಕಾಣುತ್ತಿದ್ದರು, ಅದು ಅವರಿಗೆ ಬಹಳ ಹಿಡಿಸಿತ್ತು. ಕಾರ್ಡು ಕೊಡುವುದು, ಕಾರ್ಡು ತೆಗೆದುಕೊಳ್ಳುವುದು, ಹೋದ ತಿಂಗಳು ಕೊಟ್ಟವರಿಗೇ ಮತ್ತೆ ಕೊಡುವುದು ನಡೆದಿತ್ತು. ಅಕ್ಕ ಮೂಲೆಯಲ್ಲಿ ಸುದ್ದಿಪತ್ರದ ಕಟ್ಟು ಬಿಚ್ಚುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ನೀರಿನಲ್ಲಿ ನೆಂದು ನೆಂದು ಬಿರಿದ ಕೈ. ದೊಡ್ಡ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು.

"ಇಲ್ಲಿ ಸಲಹೆ ಕೊಡ್ತಾರೆ ಅಂತ ಪೇಪರಲ್ಲಿ ಓದಿದೆ" ಎಂದಳು.

ಹೊರಗಿನ ಮನುಷ್ಯಳು! ಬೆಲ್ಲ ಕಂಡ ಇರುವೆಯಂತೆ ಮೂವತ್ತಾರು ಜನ ಮುತ್ತಿದರು. ಅವಳ ಮಡಿಲಿಗೆ ಕಾರ್ಡುಗಳು ಸುರಿದವು. ಶಂಖ ಎಲ್ಲರನ್ನೂ ಸರಿಸಿ, "ನಮ್ಮ ಮೇಷ್ಟ್ರೇ ನಡೆಸಲಿ, ಎಲ್ಲರೂ ನೋಡಿ ಕಲಿಯೋಣ. ಇದು ಅವರ ತೊಂಬತ್ತೊಂಬತ್ತನೇ ಗಂಟೆ" ಎಂದು ಚಪ್ಪಾಳೆ ತಟ್ಟಿಸಿದ.

ಹೆಂಗಸು ಒಂದು ಕಾಗದ ಬಿಡಿಸಿದಳು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಅಚ್ಚಾಗಿತ್ತು. "ಮ್ಯಾನೇಜರು ಐದು ಗಂಟೆಯೊಳಗೆ ಸಹಿ ಹಾಕು ಅಂತಾರೆ. ನನಗೆ ಬಿಡೋ ಇಚ್ಛೆನೇ ಇಲ್ಲ. ಹಾಕ್ಲಾ, ಬೇಡ್ವಾ?"

ತಮ್ಮ ಗಂಟಲು ಸರಿಮಾಡಿಕೊಂಡ. "ಈ ಕಾಗದ ನೋಡಿದಾಗ ನಿಮ್ಮೊಳಗೆ ಏನಾಗ್ತಿದೆ?"

"ಹೊಟ್ಟೆ ಉರೀತಿದೆ."

"ಆ ಉರಿಗೆ ಬಣ್ಣ ಇದ್ದರೆ ಯಾವ ಬಣ್ಣ?"

ಹೆಂಗಸು ಅಕ್ಕನ ಕಡೆ ನೋಡಿದಳು. ಮೂವತ್ತೈದು ತಲೆಗಳು ಕನ್ನಡಿಯಲ್ಲಿ ಮುನ್ನೂರಾಗಿ ಹೂಂಗುಟ್ಟಿದವು. "ಅಣ್ಣಾ, ನಾಲ್ಕೂಕಾಲಾಯ್ತು. ಹಾಕ್ಲಾ, ಬೇಡ್ವಾ?"

ತಮ್ಮನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿದ್ದನ್ನು ಅಕ್ಕ ಕಂಡಳು. "ಹಾಕ್ಬೇಡಿ ತಾಯಿ!" ಎಂದುಬಿಟ್ಟ. "ಪೆನ್ನೇ ಮುಟ್ಟಬೇಡಿ. ಸೀದಾ ಯೂನಿಯನ್ ಆಫೀಸಿಗೆ ಹೋಗಿ. ಆಸ್ಪತ್ರೆ ಪಕ್ಕದ ಮೆಟ್ಟಿಲು, ಮೊದಲನೇ ಮಹಡಿ. ಈಗಲೇ ಹೋಗಿ."

ಹೆಂಗಸು ಕೈಮುಗಿದು ಓಡಿದಳು. ಕಾರ್ಡುಗಳು ನೆಲಕ್ಕೆ ಬಿದ್ದವು.

ಶಂಖ ಕಣ್ಣು ಮುಚ್ಚಿ ತೆರೆದ. "ಹೇಳಿಬಿಟ್ಟಿರಲ್ಲ ಮೇಷ್ಟ್ರೇ. ಆಯಮ್ಮನ ಉತ್ತರವನ್ನು ಕಿತ್ತುಕೊಂಡ್ರಿ. ಈ ಗಂಟೆ ಲೆಕ್ಕಕ್ಕಿಲ್ಲ."

ಈಗ ಎದ್ದು ಬರುತ್ತಾನೆ ಎಂದುಕೊಂಡಳು ಅಕ್ಕ. ಅವನು ಎದ್ದದ್ದು ನಿಜ. ಎದ್ದು ಕೈಕಟ್ಟಿ, "ತಪ್ಪಾಯ್ತು, ಹಳೇ ಚಾಳಿ" ಎಂದು ಕ್ಷಮೆ ಕೇಳಿದ. ಶಂಖ ಉದಾರಿ. ಈ ಕ್ಷಮೆಯ ವಿಷಯವಾಗಿಯೇ ತನಗೆ ಒಂದು ಗಂಟೆ ಕೋಚಿಂಗ್ ಕೊಟ್ಟು ತೊಂಬತ್ತೊಂಬತ್ತು ಮಾಡಿಕೊಳ್ಳಲಿ ಎಂದ.

ದಾರಿಯಲ್ಲಿ ಅಕ್ಕ ಹೇಳಿದಳು, "ನೀನು ಈ ಆರು ತಿಂಗಳಲ್ಲಿ ಮಾಡಿದ ಕೆಲಸ ಅಂದ್ರೆ ಅದೊಂದೇ ಕಣೋ."

"ಒಂದು ಗಂಟೆ ಹೋಗ್ತಿತ್ತಲ್ಲ ಅಕ್ಕ."

ಮೂವತ್ತನೇ ತಾರೀಕು ಬಂತು. ಬೆಳಿಗ್ಗೆ ಹತ್ತಕ್ಕೆ ತಮ್ಮ ಅವಳೆದುರು ಕುರ್ಚಿ ಹಾಕಿಕೊಂಡು ಕೂತ. "ಅಕ್ಕ, ನೂರನೇ ಗಂಟೆಗೆ ಯಾರೂ ಸಿಗಲಿಲ್ಲ. ನೀನೇ ಕೂತ್ಕೋ."

ಕೂತಳು. ಬೇರೆ ಯಾವ ದಾರಿಯಲ್ಲಿ ಅವನ ಕಿವಿಗೆ ಮಾತು ಹಾಕುವುದು?

"ನಿನಗೆ ಏನು ಬೇಕು?" ಅವನು ಫಾರಂ ಬಿಡಿಸಿದ.

"ನೀನು ಎದ್ದು ಹೋಗಿ ಕಾರಿನ ಕೀ ಇಸ್ಕೊಳ್ಳೋದು ಬೇಕು."

"ಅದು ನನ್ನ ವಿಷಯ. ನಿನ್ನದು ಹೇಳು."

"ನನ್ನ ವಿಷಯ ಅಂದ್ರೆ ನೀನೇ ಅಲ್ವೇನೋ?"

"ಆ ಭಾವನೆ ಮೈಯಲ್ಲಿ ಎಲ್ಲಿ ಇದೆ?"

"ಕೈಯಲ್ಲಿ" ಎಂದಳು. "ಎರಡು ಬಾರಿಸೋಣ ಅನ್ನಿಸ್ತಿದೆ."

ಅವನು ಅದನ್ನೂ ಬರೆದುಕೊಂಡ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಮಾಲೀಕನ ಹೆಸರು ಇಬ್ಬರಿಗೂ ಕಾಣುತ್ತಿತ್ತು.

"ತಗೊಳ್ಳೋ."

"ಮಧ್ಯದಲ್ಲಿ ಫೋನ್ ತಗೊಂಡ್ರೆ ಗಂಟೆ ಲೆಕ್ಕಕ್ಕೆ ಬರಲ್ಲ."

ಅದು ನಿಂತಿತು. ಮತ್ತೆ ಬಡಿದುಕೊಂಡಿತು. ಅವನು ಅಕ್ಕನ ಮುಖವನ್ನೇ ನೋಡುತ್ತ, ಕಲಿತ ಹಾಗೆ ತಲೆಯನ್ನು ಸ್ವಲ್ಪ ವಾಲಿಸಿ, "ಈ ಸದ್ದು ನಿನಗೆ ಏನು ಹೇಳ್ತಿದೆ?" ಎಂದು ಕೇಳಿದ. ಉಳಿದ ಮುಕ್ಕಾಲು ಗಂಟೆ ಅವಳು ಬಾಯಿ ಬಿಡಲೇ ಇಲ್ಲ. ಮೌನವೂ ಗಂಟೆಯೊಳಗೇ ಸೇರುತ್ತದಂತೆ.

ಹನ್ನೊಂದಕ್ಕೆ ಅವನು ಫಾರಂ ಅವಳ ಮುಂದೆ ಸರಿಸಿದ. 'ನಿಮಗಾದ ಲಾಭ' ಎಂಬ ಕಡೆ ಅವಳು ಬರೆದಳು: ನನ್ನ ತಮ್ಮನ ಕೆಲಸ ಹೋಯಿತು.

ಅವನು ಓದಿದ. ಕೋಪ ಬರುತ್ತದೆ, ಅಳು ಬರುತ್ತದೆ ಎಂದು ಕಾದಳು. "ಇದನ್ನ ಸ್ವಲ್ಪ ಪಾಸಿಟಿವ್ ಆಗಿ ಬರೀಬಹುದಾ ಅಕ್ಕ?" ಎಂದ.

ಅವಳು ಪೆನ್ನು ಅವನ ಕೈಗೇ ಕೊಟ್ಟು ಅಡುಗೆಮನೆಗೆ ಹೋದಳು. ಅಲ್ಲಿ ಅವಳ ಫೋನಿಗೇ ಮಾಲೀಕನ ಕರೆ ಬಂತು.

"ಎರಡು ಸಲ ಮಾಡಿದೆನಮ್ಮ, ಎತ್ತಲೇ ಇಲ್ಲ. ಮನೇಲಿ ಇದಾನಾ?"

ಅಕ್ಕ ಬಾಗಿಲಿನಿಂದ ಇಣುಕಿದಳು. ಅವನು ಪೆನ್ನಿನ ತುದಿ ಕಚ್ಚಿಕೊಂಡು ತನ್ನಿಂದ ಅವಳಿಗಾದ ಲಾಭವನ್ನು ಯೋಚಿಸುತ್ತಿದ್ದ.

"ಇದಾನೆ" ಎಂದಳು. "ಕೀ ಬೇರೆಯವರಿಗೆ ಕೊಟ್ಟುಬಿಡಿ."