ಪುಟ ಇಪ್ಪತ್ತೆಂಟು ನೋಡಿ

ಡಿಗ್ರಿ ನನ್ನಿಂದ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಮಾವ, ಅಮ್ಮನ ಅಣ್ಣ. ಠಾಣೆಯ ಮಾಜಿವಾಡಾ ಜಂಕ್ಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು, ಗಿರಾಕಿಗೆ ಚಿಲ್ಲರೆ ಕೊಡುತ್ತ, ಊಟದ ಮೇಲೆ ಅಗಿಯುವ ಬಡೀಸೋಪಿನ ತಟ್ಟೆಯನ್ನು ನನ್ನ ಕಡೆ ತಳ್ಳುತ್ತ ಹೇಳಿದರು.

"ನಮ್ಮ ಕುಟುಂಬದಲ್ಲಿ ನಿನ್ನ ಮೊದಲು ಹತ್ತನೇ ಕ್ಲಾಸು ದಾಟಿದವ ನಾನೊಬ್ಬ. ಅದೂ ಎರಡು ಸಲ ಕೂತು. ನಿನ್ನ ತಲೆ ಎಂತ, ನನ್ನ ತಲೆಗಿಂತ ದೊಡ್ಡದಾ?"

"ತಲೆ ದೊಡ್ಡದಲ್ಲ ಮಾವ, ಪುಸ್ತಕ ಸಣ್ಣದು. ಗೈಡ್ ಉಂಟಲ್ಲ."

"ಆಗ್ಲಿ. ಆದ್ರೆ ಯಾವ ವರ್ಷ ಫೇಲಾದ್ರೂ ಅಲ್ಲಿಗೇ ಮುಗೀತು. ಪುಸ್ತಕ ರದ್ದಿಗೆ, ನೀನು ಮದುವೆಗೆ."

ಅಪ್ಪ ತೀರಿಕೊಂಡ ಮೇಲೆ ನಮಗೆ ಅವರ ಮಾತೇ ಮಾತು. ಅವರು ಕೆಟ್ಟವರಲ್ಲ. ಸೋಲನ್ನು ನೋಡಲಾಗದವರು. ಹಾಗಾಗಿ ಶುರುವಾಗುವ ಮೊದಲೇ ಸೋಲಿಸಿಬಿಡುವುದು ಅವರ ಕ್ರಮ.

ನಾನು ಡೊಂಬಿವಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ರಿಪೋರ್ಟಿನ ಲಕೋಟೆಯನ್ನು ಜನರ ಕೈಗೆ ಕೊಡುವುದು ನನ್ನ ಕೆಲಸ. ಲಕೋಟೆ ಹಿಡಿದ ಬೆರಳು ಹೇಗೆ ತಣ್ಣಗಾಗುತ್ತದೆ ಎಂಬುದನ್ನು ಕೌಂಟರಿನ ಈ ಕಡೆಯಿಂದ ದಿನವೂ ನೋಡುತ್ತಿದ್ದೆ. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದೆ, ಕನ್ನಡ ತೆಗೆದುಕೊಂಡು. ಕನ್ನಡವನ್ನೇ ಏಕೆಂದರೆ, ಏಳನೆಯವರೆಗೆ ನಾನು ಓದಿದ್ದು ಕನ್ನಡ ಶಾಲೆ. ಆಮೇಲೆ ಮಕ್ಕಳಿಲ್ಲವೆಂದು ಆ ಶಾಲೆ ಮುಚ್ಚಿತು, ನಾವು ಮರಾಠಿ ಶಾಲೆಯ ಹಿಂದಿನ ಬೆಂಚಿಗೆ ಹೋದೆವು. ನನ್ನ ಕನ್ನಡ ಅಲ್ಲಿಗೇ ನಿಂತಿತ್ತು. ಮಾತಾಡಲು ತೊಂದರೆ ಇಲ್ಲ. ಬರೆಯಲು ಕೂತರೆ ಮಾತ್ರ 'ಟ್ರೇನ್ ಹಿಡಿದು' ಎನ್ನುವಲ್ಲಿ 'ಟ್ರೇನ್ ಪಕಡಿಸಿ' ಎಂಬಂಥ ವಾಕ್ಯ ತಾನಾಗಿ ಬರುತ್ತಿತ್ತು. ಆ ವಾಕ್ಯಗಳ ಬಗ್ಗೆ ನನಗಿದ್ದ ಭಯ ಫೇಲಾಗುವ ಭಯಕ್ಕಿಂತ ದೊಡ್ಡದು. ಪರೀಕ್ಷಕರು ಓದಿ ನಗುತ್ತಾರೆ, ಇವಳಿಗೆ ಯಾಕೆ ಬೇಕಿತ್ತು ಎನ್ನುತ್ತಾರೆ.

ಆದ್ದರಿಂದ ನಾನು ನನ್ನದೊಂದು ವಾಕ್ಯವನ್ನೂ ಬರೆಯಲಿಲ್ಲ. ಎರಡು ವರ್ಷ ಗೈಡುಗಳನ್ನು ಬಾಯಿಪಾಠ ಮಾಡಿ ಪಾಸಾದೆ. ಕಡೆಯ ವರ್ಷಕ್ಕೆ ಒಂದು ಕಾದಂಬರಿ ಇತ್ತು, ಹೊಳೆ ದಾಟಿಸುವ ದೋಣಿಯ ಹೆಂಗಸಿನ ಕಥೆ. ಮೂಲ ಪುಸ್ತಕ ಎಲ್ಲಿಯೂ ಸಿಗಲಿಲ್ಲ, ಮರುಮುದ್ರಣವೇ ಆಗಿಲ್ಲವೆಂದರು. ಗೈಡು ಮಾತ್ರ ಸಿಕ್ಕಿತು. ಮಾವನ ಹೋಟೆಲಿಗೆ ಊರಿನಿಂದ ಬಸ್ಸಿನಲ್ಲಿ ಬರುವ ಕುಚ್ಚಲಕ್ಕಿ, ಹಪ್ಪಳದ ಜೊತೆ ಅದೂ ಬಂತು, ರಟ್ಟಿನ ಮೇಲೆ ತೆಂಗಿನೆಣ್ಣೆಯ ಕಲೆಯೊಂದಿಗೆ. ಲೇಖಕರ ಪರಿಚಯ, ಸಾರಾಂಶ, ಪಾತ್ರ ವಿಮರ್ಶೆ, ಕೇಳಬಹುದಾದ ಪ್ರಶ್ನೆಗಳು. ಕಳವಾ ಸ್ಟೇಷನ್ನಿನಿಂದ ಡೊಂಬಿವಲಿಯವರೆಗೆ ಲೇಡೀಸ್ ಡಬ್ಬಿಯಲ್ಲಿ ನಿಂತು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತ ಆಂಟಿಯೊಬ್ಬರು ಸ್ತೋತ್ರ ಎಂದುಕೊಂಡು, ನಾನು ನಿಲ್ಲಿಸುವವರೆಗೆ ಕೈಮುಗಿದು ಕೂತಿರುತ್ತಿದ್ದರು.

ಮನೆಯಲ್ಲಿ ಅಮ್ಮ ಕೇಳುತ್ತಿದ್ದಳು. ನಮ್ಮದು ಕಳವಾ ಸ್ಟೇಷನ್ನಿನ ಹತ್ತಿರ ಒಂದೇ ಕೋಣೆಯ ಮನೆ. ಅವಳು ಬೀನ್ಸ್ ಮುರಿಯುತ್ತ ಹೂಂಗುಟ್ಟುವಳು. ಒಮ್ಮೆ ಕೇಳಿದಳು, "ಆ ಹೆಂಗಸು ಆಚೆ ದಡದಲ್ಲಿ ಇಳಿಯುದೇ ಇಲ್ವಾ? ಮಗಳ ಮನೆ ಅಲ್ಲೇ ಅಲ್ವಾ?"

"ಇಲ್ಲಮ್ಮ. ತ್ಯಾಗ."

"ಹೌದಾ," ಎಂದು ಅವಳು ಮತ್ತೆ ಬೀನ್ಸಿಗೆ ಕೈಹಾಕಿದಳು.

ಅಮ್ಮ ಒಬ್ಬಳೇ ಖಾಡಿಯ ನೀರು ದಾಟಿ ಠಾಣೆಗೆ ಹೋದವಳಲ್ಲ. ಒಂದೇ ಸ್ಟೇಷನ್. ಬಹಳ ಹಿಂದೆ ಒಮ್ಮೆ ಜನ ಇಳಿಯಲು ಬಿಡದೆ ಮುಂದಿನ ಮುಲುಂಡಿನವರೆಗೆ ಹೋಗಿ, ಬೋರ್ಡು ಓದಲು ಬಾರದೆ ಪ್ಲಾಟ್‌ಫಾರ್ಮಿನಲ್ಲಿ ಅಳುತ್ತ ನಿಂತಿದ್ದಳಂತೆ. ಅಂದಿನಿಂದ ಅಣ್ಣನನ್ನು ನೋಡಬೇಕೆಂದರೆ ಅಣ್ಣನೇ ಬರಬೇಕು.

ಪರೀಕ್ಷೆ ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ. ಓದಿದ್ದ ಪ್ರಶ್ನೆಯೇ ಬಂತು, ನಾಯಕಿಯ ಪಾತ್ರ ಚಿತ್ರಣ. ಕೈ ತಾನಾಗಿ ಓಡಿತು. ಹೊರಗೆ ಬಂದಾಗ ಹಸಿವಾಯಿತು, ಒಂದು ವಡಾಪಾವ್ ತಿಂದೆ, ವಾಶಿಯಲ್ಲಿ ಠಾಣೆಯ ಗಾಡಿ ಹತ್ತಿದೆ. ಐರೋಲಿ ಬರುವ ಹೊತ್ತಿಗೆ ಬರೆದದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡೆ, ಏನಾದರೂ ಬಿಟ್ಟಿದೆಯೇ ಎಂದು.

ಏನೂ ಬಿಟ್ಟಿರಲಿಲ್ಲ. ಗೈಡಿನವರು ಕಂಸದೊಳಗೆ ಹಾಕಿದ್ದ 'ವಿವರಕ್ಕೆ ಪುಟ ಇಪ್ಪತ್ತೆಂಟು ನೋಡಿ' ಎಂಬುದನ್ನೂ ಕಂಸದ ಸಮೇತ ಬರೆದಿದ್ದೆ.

ಓದಿದವರು ಏನೆಂದುಕೊಳ್ಳುತ್ತಾರೆ? ಹುಡುಗಿ ಬೆಂಚಿನ ಕೆಳಗೆ ಗೈಡು ಇಟ್ಟುಕೊಂಡಿದ್ದಳು, ಗಾಬರಿಯಲ್ಲಿ ಪುಟದ ನಂಬರನ್ನೂ ಇಳಿಸಿದ್ದಾಳೆ. ಕಾಪಿ ಕೇಸ್ ಎಂದಾದರೆ ಎಲ್ಲ ಪತ್ರಿಕೆಗಳೂ ರದ್ದು, ಮತ್ತೆ ಕೂರಲೂ ಬಿಡುವುದಿಲ್ಲ ಎಂದು ಕೇಳಿದ್ದೆ. ಮೂರು ವರ್ಷ ಒಂದು ಕಂಸದಲ್ಲಿ ಹೋದಂತೆಯೇ.

ಯಾರಿಗೂ ಹೇಳಲಿಲ್ಲ. ಲ್ಯಾಬಿನಲ್ಲಿ ಒಬ್ಬರ ರಿಪೋರ್ಟನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ. ಫೋನು ಗುಂಯ್ ಎಂದರೆ ಕೌಂಟರಿನ ಕೆಳಗೆ ಬಗ್ಗಿ ನೋಡುತ್ತಿದ್ದೆ. ಫಲಿತಾಂಶ ಬಂದ ದಿನ ಬೇರೆಯವರ ಹೆಸರಿನ ಮುಂದೆ ಮಾರ್ಕ್ಸ್ ಇತ್ತು, ನನ್ನದರ ಮುಂದೆ 'ತಡೆಹಿಡಿಯಲಾಗಿದೆ'. ಹಿಂದೆಯೇ ವಿಚಾರಣೆಗೆ ಬರಬೇಕೆಂದು ಮೇಲ್ ಬಂತು. ಇನ್ನು ಮುಚ್ಚಿಡಲಾಗಲಿಲ್ಲ. ಆ ವಾರ ಮಾವ ಮನೆಗೆ ಬಂದಾಗ ಹೇಳಿದೆ.

ಅಮ್ಮ ಕೇಳಿದ ಮೊದಲ ಮಾತು, "ಪೊಲೀಸರು ಬರ್ತಾರಾ?"

"ಪೊಲೀಸರಿಗೆ ಕನ್ನಡ ಓದ್ಲಿಕ್ಕೆ ಎಲ್ಲಿ ಬರ್ತದೆ, ಹೆದರ್ಬೇಡ," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ನಾನು ಹೇಳಿರ್ಲಿಲ್ವಾ? ಪುಟದ ನಂಬರು ಬರೀತಾರಾ ಯಾರಾದ್ರೂ? ನಮ್ಮಲ್ಲಿ ಆರ್ಡರ್ ತಗೊಳ್ಳುವ ಹುಡುಗ್ರು ಸಹ ಮಸಾಲೆದೋಸೆ ಅಂತಾರೆ, ಮೆನುವಿನ ಯಾವ ಪುಟ ಅಂತ ಹೇಳುದಿಲ್ಲ ಮಾರಾಯ್ತಿ!"

ನನಗೆ ಅಳು ಬಂತು. ಅವರು ಚಹಾ ಅರ್ಧ ಬಿಟ್ಟು ಎದ್ದುಹೋದರು.

ವಿಚಾರಣೆಯ ಕೋಣೆಯಲ್ಲಿ ಇಬ್ಬರಿದ್ದರು. ಅಧ್ಯಕ್ಷರು ಮರಾಠಿಯವರು, ಕನ್ನಡ ಬಾರದವರು. ಇನ್ನೊಬ್ಬರು ನನ್ನ ಉತ್ತರಪತ್ರಿಕೆ ನೋಡಿದ ಕನ್ನಡದ ಸರ್, ಬಯಲುಸೀಮೆಯ ಕಡೆಯವರು. ಅವರ ಮುಂದೆ ನನ್ನ ಉತ್ತರಪತ್ರಿಕೆ, ಅದರ ಪಕ್ಕದಲ್ಲಿ ಅದೇ ಗೈಡು.

"ಏನ ತಂಗಿ, ಪುಟ ಇಪ್ಪತ್ತೆಂಟು ನೋಡಿ ಅಂತ ಬರದೀಯಲ್ಲ, ಎಲ್ಲಿ ನೋಡ್ಲಿ ನಾ? ನಿನ್ನ ಉತ್ತರಪತ್ರಿಕಿಗೆ ಅಷ್ಟು ಪುಟಾನ ಇಲ್ಲ."

"ಬೋಲೋ ಬೇಟಾ, ಕಾಪಿ ಕಿಯಾ?" ಎಂದರು ಅಧ್ಯಕ್ಷರು.

"ನಹೀ ಸರ್. ಬಾಯಿಪಾಠ... ರಟ್ಟಾ ಮಾರಾ."

ಕನ್ನಡದ ಸರ್ ಗೈಡನ್ನು ತೆರೆದರು. "ಹಂಗಾರ ಅನ್ನು."

ಮೊದಲ ಶಬ್ದ ಬರಲೇ ಇಲ್ಲ. ಕಣ್ಣು ಮುಚ್ಚಿದೆ, ಲೇಡೀಸ್ ಡಬ್ಬಿಯ ಕಂಬಿ ಹಿಡಿದಂತೆ ಕುರ್ಚಿಯ ಬೆನ್ನು ಹಿಡಿದೆ. ಆಗ ಬಂತು. 'ದೋಣಿ ನಡೆಸುವ ಈಕೆ ತ್ಯಾಗದ ಸಾಕಾರಮೂರ್ತಿ...' ನಿಲ್ಲಿಸಿದರೆ ಮರೆಯುತ್ತೇನೆಂಬ ಹೆದರಿಕೆಗೆ ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದೆ. ಸರ್ ಬೆರಳಿಟ್ಟು ನೋಡುತ್ತಿದ್ದವರು ತಡೆದರು.

"ಈ ಸಾಲು ಎರಡು ಸಲ ಅಂದಿ."

"ಎರಡು ಸಲ ಉಂಟು ಸರ್."

ಅವರು ಗೈಡಿಗೆ ಬಗ್ಗಿದರು. ಅಚ್ಚಿನವರು ಆ ಸಾಲನ್ನು ಎರಡು ಸಲ ಹೊಡೆದಿದ್ದರು. ನನ್ನ ಉತ್ತರಪತ್ರಿಕೆ ನೋಡಿದರು. ಅಲ್ಲೂ ಎರಡು ಸಲ. ಅಧ್ಯಕ್ಷರಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದರು: ಕಣ್ಣಿಂದ ನೋಡಿ ಬರೆಯುವವರು ಅದೇ ಸಾಲು ಮತ್ತೆ ಬಂದರೆ ಬಿಡುತ್ತಾರೆ, ಇವಳು ತಲೆಯೊಳಗಿಂದ ಇಳಿಸಿದ್ದಾಳೆ. ಅಧ್ಯಕ್ಷರು ಮೂಗಿನಲ್ಲೇ ನಕ್ಕರು. ನನಗೆ ನಗು ಬರಲಿಲ್ಲ. ಸರ್ ಗೈಡನ್ನು ಮುಚ್ಚಿ ಬದಿಗಿಟ್ಟಿದ್ದರು. ನನಗೆ ಅದಕ್ಕಿಂತ ಭಯದ್ದು ಇನ್ನಿರಲಿಲ್ಲ.

"ಕಾದಂಬರಿ ಓದಿಯೇನ?"

"ಸಿಗಲಿಲ್ಲ ಸರ್."

"ಕತಿ ಗೊತ್ತೈತಿಲ್ಲ? ಆಕಿ ಯಾಕ ಆಚಿ ದಂಡಿಗೆ ಇಳಿಯಾಂಗಿಲ್ಲ? ನಿನ್ನ ಮಾತಿನಾಗ ಹೇಳು."

ಮೂರು ವರ್ಷದಿಂದ ನಾನು ತಪ್ಪಿಸಿಕೊಂಡು ಬಂದದ್ದು ಇದನ್ನೇ. ಕಣ್ಣೆದುರು ಬಂದದ್ದು ದೋಣಿಯಲ್ಲ, ಮುಲುಂಡಿನ ಪ್ಲಾಟ್‌ಫಾರ್ಮು.

"ತ್ಯಾಗ ಅಲ್ಲ ಸರ್," ಎಂದೆ. "ಅವಳಿಗೆ ಹೆದರಿಕೆ. ಹೊಳೆಯಲ್ಲಿದ್ರೆ ಅವಳು ದೋಣಿಯವಳು, ಎಲ್ರೂ ಕೇಳ್ತಾರೆ. ಆಚೆ ಇಳಿದ್ರೆ ದಾರಿ ಗೊತ್ತಿಲ್ದ ಹೆಂಗಸು. ಯಾರತ್ರ ಕೇಳುದು? ಒಂದು ಸಲ ತಪ್ಪಿದ್ರೆ ವಾಪಸ್ ಹೇಗೆ ಬರುದು? ಮಗಳು ಬೇಕು ಅವಳಿಗೆ, ಆದ್ರೆ ಹಿಮ್ಮತ್ ಇಲ್ಲ. ನಾವು ಅದಕ್ಕೆ ತ್ಯಾಗ ಅಂತೇವೆ, ಯಾಕಂದ್ರೆ ಹಾಗೆ ಹೇಳಿದ್ರೆ ನಾವು ಹೋಗಿ ಕೈಹಿಡಿದು ಇಳಿಸ್ಬೇಕಂತ ಇಲ್ಲ."

ಧೈರ್ಯ ಎನ್ನುವಲ್ಲಿ 'ಹಿಮ್ಮತ್' ಎಂದದ್ದು ನನಗೇ ಕೇಳಿಸಿತು. ಮುಗಿಯಿತು ಎಂದುಕೊಂಡೆ.

ಸರ್ ಮುಚ್ಚಿದ ಗೈಡಿನ ಮೇಲೆ ಕೈಯಿಟ್ಟರು. "ಇದು ಯಾವ ಪುಟದಾಗ ಐತಿ?"

"ಇದು ಗೈಡಲ್ಲಿ ಇಲ್ಲ ಸರ್."

"ಇದನ್ನ ಬರೀಬೇಕಿತ್ತಲ್ಲ, ಹುಚ್ಚಿ. ಹೋಗು."

ಹೋಗು ಎಂದರೆ ಪಾಸಾ, ಫೇಲಾ? ಕೇಳುವ ಧೈರ್ಯವಾಗಲಿಲ್ಲ. ಫಲಿತಾಂಶ ಬಿಡುವವರೆಗೂ ಮತ್ತೆ ಫೋನನ್ನೇ ನೋಡುತ್ತಿದ್ದೆ. ಬಂದಾಗ ಆ ಪತ್ರಿಕೆಯಲ್ಲಿ ಕಡಿಮೆ ಮಾರ್ಕ್ಸ್ ಇತ್ತು. ಆದರೆ ಪಾಸ್. ಕೌಂಟರಿನಲ್ಲಿ ನಿಂತು ನೋಡಿದೆ. ಎದುರಿನ ಗಿರಾಕಿ ನನ್ನ ಮುಖ ನೋಡಿ, "ಕ್ಯಾ ಹುವಾ, ಮೇರಾ ರಿಪೋರ್ಟ್ ಖರಾಬ್ ಹೈ ಕ್ಯಾ?" ಎಂದು ಗಾಬರಿಯಾದ.

ಸರ್ಟಿಫಿಕೇಟ್ ಕೊಡುವ ದಿನ ಅಮ್ಮ ತಾನೂ ಬರುತ್ತೇನೆಂದಳು. ಗಾಡಿ ಬದಲಿಸಲು ಠಾಣೆಯಲ್ಲಿ ಇಳಿಯುವಾಗ ಕೈಹಿಡಿದಿದ್ದೆ. ಅವಳ ಉಗುರು ನನ್ನ ಅಂಗೈಯಲ್ಲಿ ಮೂಡಿತ್ತು. ಮಾವ ಊಟದ ಗಿರಾಕಿಯ ಹೊತ್ತಿಗೆ ಗಲ್ಲಾ ಬಿಟ್ಟು, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಕಾಲೇಜಿನಲ್ಲಿ ಸರದಿಯಲ್ಲಿ ನಿಂತಾಗಲೂ ನನಗೆ, ಯಾರೋ ಒಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ನಿಮ್ಮದು ತಡೆಹಿಡಿದಿದೆ ಎನ್ನುತ್ತಾರೆ ಎಂದೇ ಅನಿಸುತ್ತಿತ್ತು. ಗುಮಾಸ್ತೆ ಸಹಿ ಹಾಕಿಸಿಕೊಂಡು, ಹೆಸರು ಓದಿ, ಕಾಗದವನ್ನು ಕಿಟಕಿಯ ಕೆಳಗಿನಿಂದ ನೂಕಿದಳು. ಈ ಸಲ ಬೆರಳು ತಣ್ಣಗಾದದ್ದು ನನ್ನದು.

ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಂಚನ್ನು ಮಾತ್ರ ಮುಟ್ಟಿದಳು. ಮಾವ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿದರು, ಮಗುಚಿ ಹಿಂಬದಿ ನೋಡಿದರು, ಮತ್ತೆ ಮುಂದೆ ತಿರುಗಿಸಿದರು.

"ಪುಟ ಒಂದೇ ಉಂಟಲ್ಲ ಮಾರಾಯ್ತಿ," ಎಂದರು. "ಇರ್ಲಿ. ಗಲ್ಲಾದ ಹಿಂದೆ ದೇವರ ಪಟದ ಹತ್ರ ಹಾಕುವ. ಇನ್ನು ಬಂದವರೆಲ್ಲ ಇದನ್ನೇ ನೋಡ್ಲಿ."