ಆರಾಳಿನ ಬಾವಿ

ಎರಡನೇ ಮಹಾಯುದ್ಧ ಮುಗಿದು ಇಂಜಿನ್ನುಗಳು ಮತ್ತೆ ಸಿಗತೊಡಗಿದಾಗ ನಾನು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ. ಓದಿದ್ದಕ್ಕಿಂತ ಜಂಭವೇ ಹೆಚ್ಚು. ದೊಡ್ಡಬಳ್ಳಾಪುರದ ಆಚೆ ನಮ್ಮ ಆಲೂಗಡ್ಡೆ ಹೊಲಕ್ಕೆ ಅಪ್ಪ ಒಂದು ಜೊತೆ ಎತ್ತು ಕಟ್ಟಿ ಕಪಿಲೆಯ ತೊಗಲ ಚೀಲದಲ್ಲಿ ಬಾವಿ ನೀರೆತ್ತುತ್ತಿದ್ದರು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಎತ್ತು ಮಾರಿ ಪಂಪು ತರೋಣ ಎಂದು ತಿಂಗಳುಗಟ್ಟಲೆ ಅವರ ತಲೆ ತಿಂದೆ.

ಕೊನೆಗೆ ಒಪ್ಪಿದರು. ನೀರು ಎಷ್ಟು ಆಳದಲ್ಲಿದೆ ಎಂದು ಕೇಳಿದೆ.

"ಆರಾಳು" ಎಂದರು.

ಆಳು ಎಂದರೆ ಮನುಷ್ಯನ ಎತ್ತರ. ಐದೂವರೆ ಅಡಿ ಹಿಡಿದೆ, ಒಟ್ಟು ಮೂವತ್ತಮೂರು. ನಿಮಿಷಕ್ಕೆ ನೂರಿಪ್ಪತ್ತು ಗ್ಯಾಲನ್, ಗ್ಯಾಲನ್ನಿಗೆ ಹತ್ತು ಪೌಂಡ್ ತೂಕ. ಎತ್ತರದಿಂದ ಗುಣಿಸಿ, ಅಶ್ವಶಕ್ತಿಗೆ ಪುಸ್ತಕ ಹೇಳುವ ಮೂವತ್ತಮೂರು ಸಾವಿರದಿಂದ ಭಾಗಿಸಿದೆ. ಬಂದ ಅಶ್ವಶಕ್ತಿಯಲ್ಲಿ ಪಂಪು, ಬೆಲ್ಟು ಅರ್ಧ ನುಂಗುತ್ತವೆಂದು ಇಮ್ಮಡಿ ಮಾಡಿದೆ. ಎರಡೂವರೆ ಸಾಕು, ಮೂರರ ಇಂಜಿನ್ ಧಾರಾಳ. ಪಂಪನ್ನೂ ಅದೇ ಮೂವತ್ತಮೂರು ಅಡಿಗೆ ತಕ್ಕಂತೆ ಆರಿಸಿದೆ. ಅಂಕಿಗಳು ಎಷ್ಟು ಅಂದವಾಗಿ ಕೂತವೆಂದರೆ ಬೇರೆ ಯಾರನ್ನೂ ಕೇಳಬೇಕೆನಿಸಲಿಲ್ಲ. ಎತ್ತುಗಳು ಪಕ್ಕದೂರಿಗೆ ಹೋದವು.

ಬಾವಿಯೊಳಗಿನ ಕಟ್ಟೆಯ ಮೇಲೆ ಇಂಜಿನ್ನೂ ಪಂಪೂ ಕೂರಿಸಿ ಚಾಲೂ ಮಾಡಿದೆವು. ಹೊಗೆ ಕಾರಿತು, ಏದುಸಿರು ಬಿಟ್ಟಿತು, ನೀರು ಮಾತ್ರ ಮೇಲೆ ಬರಲಿಲ್ಲ. ವಾಷರ್ ಬದಲಿಸಿದೆ, ಬೆಲ್ಟು ಬಿಗಿ ಮಾಡಿದೆ, ಮಾರಿದವನಿಗೆ ಬಾಯಿಗೆ ಬಂದಂತೆ ಬೈದೆ. ಮೂರು ದಿನ ಇದೇ ಗೋಳು. ಮೇಲೆ ಆಲೂಗಡ್ಡೆ ಎಲೆ ಬಾಡುತ್ತಿತ್ತು.

ಅಪ್ಪ ಮೆಟ್ಟಿಲ ಮೇಲೆ ನಿಂತು ಪೈಪು ಮುಟ್ಟಿ ನೋಡಿದರು. "ಇಲ್ಲೀಗಂಟ ನೀರು ಬಂದು ತಣ್ಣಗೈತೆ. ಇನ್ನೊಂದಾಳು ಬಾಕಿ."

"ಎಲ್ಲಾ ಸೇರಿಸೇ ಲೆಕ್ಕ ಹಾಕಿದೀನಪ್ಪಾ! ಆರು ಐದೂವರೆ ಮೂವತ್ತಮೂರು!"

"ಐದೂವರೆ ಯಾವ ಆಳೋ?" ಎಂದವರು ನೆಟ್ಟಗೆ ನಿಂತು ಒಂದು ಕೈಯನ್ನು ತಲೆಯ ಮೇಲಕ್ಕೆ ಚಾಚಿದರು. "ಬಾವಿ ತೋಡೋರ ಆಳು ಇದು ಕಣೋ. ಮುಳುಗೋನು ಕೈ ಕೆಳಗಿಟ್ಕೊಂಡು ಮುಳುಗ್ತಾನಾ?"

ಏಳೂವರೆ ಅಡಿ. ಆರು ಸಲ ನಲವತ್ತೈದು. ಮೂರೂಕಾಲು ಅಶ್ವಶಕ್ತಿ ಬೇಕಿತ್ತು. ಕಪಿಲೆಯ ಹಗ್ಗ ಕಣ್ಣೆದುರೇ ಬಿದ್ದಿತ್ತು. ಅದನ್ನು ಇಳಿಬಿಟ್ಟು ಅಳೆಯುವುದಕ್ಕೆ ನನಗೇನು ದಾಡಿಯಾಗಿತ್ತು? ಇವತ್ತಿಗೂ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮರುದಿನ ಅಪ್ಪ ಪಕ್ಕದೂರಿಗೆ ಹೋಗಿ ತಮ್ಮದೇ ಎತ್ತುಗಳನ್ನು ಎರವಲು ಕೇಳಿ ತಂದರು. ಅವು ಯಾರೂ ಹೇಳದೆ ಬಾವಿಯ ಪಕ್ಕ ಕಪಿಲೆ ಎಳೆಯುವ ಇಳಿಜಾರಿಗೆ ಹೋಗಿ ನಿಂತವು. ಹೊಲಕ್ಕೆ ನೀರಾಯಿತು. ಸಂಜೆ ವಾಪಸು ಕಳಿಸುವಾಗ ಎತ್ತುಗಳು ನಮ್ಮ ಕೊಟ್ಟಿಗೆ ಬಾಗಿಲು ಬಿಟ್ಟು ಕದಲಲಿಲ್ಲ.

ಅಪ್ಪ ಎತ್ತುಗಳ ಹಗ್ಗ ನನ್ನ ಕೈಗೆ ಕೊಟ್ಟರು. "ನೀನೇ ಹೊಡ್ಕೊಂಡ್ಹೋಗಿ ಬಿಟ್ಬಾ" ಎಂದರು.